ಕೋಲ್ಬಿಯ ಅಳತೆಯ ಕೋವಿ

"ಮೊಣಕೈ ಮಡಚಪ್ಪ. ಇನ್ನೂ. ಬಿಯರ್ ಎತ್ತೋ ಹಾಗೆ," ಎಂದಳು ಕೋವಿ ಮಾಡುವ ವೆರ್ನಾ.

ಕೋಲ್ಬಿ ಮಡಚಿದ. ಅವಳು ಅಳತೆಪಟ್ಟಿಯನ್ನು ಅವನ ಮೊಣಕೈ ಒಳಗಿಂದ ತೋರುಬೆರಳಿನ ಗೆಣ್ಣಿನವರೆಗೆ ಎಳೆದಳು. ಕಿವಿಯ ಮೇಲಿದ್ದ ಪೆನ್ಸಿಲ್ ಇಳಿದು ಬಂತು. "ಹದಿಮೂರೂ ಮುಕ್ಕಾಲು ಇಂಚು."

"ಹದಿನಾಲ್ಕು ಬರ್ಕೊ," ಎಂದರು ಅವನ ಮಾವ ಆರ್ವಿಡ್, ಒಲೆಯ ಪಕ್ಕದ ಕುರ್ಚಿಯಿಂದಲೇ. "ಹುಡುಗ ಇನ್ನೂ ಬೆಳೀತಾನೆ."

"ಮೂವತ್ತೊಂಬತ್ತು ವರ್ಷ ಅವನಿಗೆ, ಆರ್ವಿಡ್."

"ಹೊಣೆ ಬಿದ್ರೆ ಯಾರಾದ್ರೂ ಬೆಳೀತಾರೆ ಕಣಮ್ಮ."

ಹೊಣೆ ಎಂದರೆ ಆರ್ವಿಡ್ ನಲವತ್ತು ವರ್ಷ ನಡೆಸಿದ ಬೇಟೆಯ ಬಿಡಾರ. ಮೊಂಟಾನಾದ ಆ ಬೆಟ್ಟಕ್ಕೆ ಪ್ರತಿ ಶರತ್ಕಾಲದಲ್ಲಿ ಪಟ್ಟಣದ ಗಿರಾಕಿಗಳು ಎಲ್ಕ್ ಹೊಡೆಯಲು ಬರುತ್ತಿದ್ದರು. ಎಲ್ಕ್ ಎಂದರೆ ಕುದುರೆ ಗಾತ್ರದ ಕಡವೆ. ಬರುವ ಸೆಪ್ಟೆಂಬರಿನಿಂದ ಬಿಡಾರ ಅಳಿಯನಿಗೆ, ಜೊತೆಗೊಂದು ಕೋವಿ. ವೆರ್ನಾಳ ಕೋವಿ ಅರ್ಧ ಸಿದ್ಧ, ಅರ್ಧ ಹೇಳಿ ಮಾಡಿಸಿದ್ದು. ನಳಿಗೆ, ಗುಂಡು ಹಾರಿಸುವ ಚಿಲಕ ಅವಳ ಬಳಿ ಸಿದ್ಧವಿದ್ದವು. ಭುಜಕ್ಕೆ ಆನಿಸುವ ಮರ, ಅದರ ಉದ್ದ, ತೂಕ, ತೋಟೆಯ ಗಾತ್ರ ಮಾತ್ರ ಗಿರಾಕಿಯ ಮೈಗೆ ತಕ್ಕಂತೆ. ಅಂಗಡಿಯಲ್ಲಿ ಕೊಂಡ ಅಂಗಿಗೆ ದರ್ಜಿಯ ಹತ್ತಿರ ತೋಳು ಮಾತ್ರ ಹೊಲಿಸಿದ ಹಾಗೆ. ಗೋಡೆಯ ಹಲಗೆಯ ಮೇಲೆ ಅವಳದೇ ವಕ್ರ ಅಕ್ಷರ: "ಮರ ಕೊಯ್ದ ಮೇಲೆ ವಾಪಸಿಲ್ಲ."

ಕೋಲ್ಬಿ ಆ ಹಲಗೆಯನ್ನು ಬಂದಾಗಿನಿಂದ ಓದುತ್ತಲೇ ಇದ್ದ.

ಬಿಡಾರದಲ್ಲಿ ಅವನ ಕೆಲಸ ಕೂಗುವುದು. ಬರಿ ಬಾಯಲ್ಲಿ ಗಂಡು ಎಲ್ಕಿನಂತೆ ಕೂಗಿದರೆ ನಿಜವಾದ ಗಂಡು ಜಗಳಕ್ಕೆಂದು ಇಳಿದು ಬರುತ್ತಿತ್ತು. ಎಲ್ಕ್ ಏನು, ಅವನಿಗೆ ಬಾರದ ದನಿಯೇ ಇರಲಿಲ್ಲ. ಪಾದ್ರಿಯ ಸೀನು, ಬ್ಯಾಂಕಿನವಳ "ನಾಳೆ ಬನ್ನಿ", ಕಫ ಕಟ್ಟಿದ ಹಳೆಯ ಟ್ರ್ಯಾಕ್ಟರು. ಹೋದ ಅಕ್ಟೋಬರಿನಲ್ಲಿ ಅವನ ಕೂಗಿಗೆ ಬಂದ ದೊಡ್ಡ ಗಂಡೊಂದರ ಹೊಟ್ಟೆಗೆ ಗಿರಾಕಿಯಾಗಿ ಬಂದಿದ್ದ ಒಬ್ಬ ಹಲ್ಲಿನ ಡಾಕ್ಟರು ಗುಂಡು ಹೊಡೆದರು. ಎರಡು ದಿನ ರಕ್ತದ ಜಾಡು ಹಿಡಿದು ಹೋಗಿ ಕೋಲ್ಬಿಯೇ ಮುಗಿಸಬೇಕಾಯಿತು. ಗುರಿ ಹಿಡಿಯುವ ಮುಂಚೆ ಅವನು ಗಂಟಲು ಸರಿಮಾಡಿಕೊಂಡ. ಬಿದ್ದಿದ್ದ ಎಲ್ಕ್ ಆ ದನಿಯ ಕಡೆ ಕಿವಿ ತಿರುಗಿಸಿತು.

ಅಂದಿನಿಂದ ಬೆರಳು ಟ್ರಿಗರಿಗೆ ಹೋದೊಡನೆ ಅವನ ಕಣ್ಣು ಮುಚ್ಚುತ್ತಿತ್ತು, ಭುಜ ತಾನಾಗಿ ಮುದುಡುತ್ತಿತ್ತು. ಇದು ಹೆಂಡತಿ ಮಾರ್ನಿಗೂ ಗೊತ್ತಿಲ್ಲ. "ನನ್ನ ಕೈಲಾಗಲ್ಲ ಮಾವ" ಎಂಬುದನ್ನು ಕೊಟ್ಟಿಗೆಯಲ್ಲಿ ನಿಂತು ಅಭ್ಯಾಸ ಮಾಡಿದ್ದ. ಎರಡೂ ಪಾತ್ರ ಅವನದೇ. ಅವನ ಗಂಟಲಿನ ಆರ್ವಿಡ್ ಪ್ರತಿ ಸಲವೂ, "ಅಷ್ಟೇ ತಾನೆ? ಬಿಡು ಮಗಾ," ಅನ್ನುತ್ತಿದ್ದರು. ಒಲೆಯ ಪಕ್ಕದ ಆರ್ವಿಡ್ ಹಾಗನ್ನುವವರಲ್ಲ.

ಉಳಿದದ್ದು ಒಂದೇ ಆಸೆ. ಅಳತೆಯಾದ ಮೇಲೆ ವೆರ್ನಾ ಬೆನ್ನು ತಿರುಗಿಸಿ ತೋಟೆ ತುಂಬಿಕೊಡುತ್ತಾಳೆ, ನಡುವೆ ಒಂದು ಸಲ ತುಂಬದೆಯೇ ಕೊಡುತ್ತಾಳೆ. ಕೋವಿಯ ಒದೆತಕ್ಕೆ ಹೆದರುವವನ ನಳಿಗೆ ಆಗ ಗುಂಡಿಲ್ಲದೆಯೂ ತಗ್ಗುತ್ತದೆ. ಕಣಿವೆಗೆಲ್ಲ ಗೊತ್ತಿದ್ದ ಪರೀಕ್ಷೆ. ಬಾಯಿ ಬಿಟ್ಟು ಹೇಳಬೇಕಿಲ್ಲ, ಕೋವಿಯೇ ಹೇಳುತ್ತದೆ.

ಹಿತ್ತಿಲಲ್ಲಿ ಏಪ್ರಿಲ್ಲಿನ ಕೆಸರು. ಪರೀಕ್ಷೆಯ ಕೋವಿಯ ಮರಕ್ಕೆ ವೆರ್ನಾ ಎಣ್ಣೆಯಲ್ಲಿ ಕಲಸಿದ ದೀಪದ ಕಪ್ಪು ಬಳಿದಳು. ಕೆನ್ನೆ ಎಲ್ಲಿ ತಾಗುತ್ತದೆಂದು ಗುರುತಿಗೆ. ಆರ್ವಿಡ್ ದುರ್ಬೀನಿಗೆ ಕಣ್ಣಿಟ್ಟು ದೂರದ ಗುರಿಕಾಗದವನ್ನೇ ನೋಡುತ್ತ ಕೂತರು.

"ದೊಡ್ಡ ತೋಟೇದೇ ಇರ್ಲಿ, ವೆರ್ನಾ. ಕರಡಿ ಬಂದ್ರೆ ಗಿರಾಕಿ ಓಡ್ತಾನೆ, ನಮ್ಮೋನು ನಿಲ್ಬೇಕು."

ಮೊದಲ ಗುಂಡು ಕಾಗದದ ಕೆಳಗಂಚಿಗೆ ಬಿತ್ತು. "ಹೊಸ ಕೋವಿ, ಹೊಂದ್ಕೋಬೇಕು," ಎಂದರು ಆರ್ವಿಡ್. ಎರಡನೆಯದು ಮಣ್ಣಿಗೆ. "ಗಾಳಿ." ಗಾಳಿ ಇರಲಿಲ್ಲ.

ಮೂರನೆಯ ಸಲ ಟಿಕ್ ಎಂದಿತು, ಅಷ್ಟೇ. ನಳಿಗೆ ಚರ್ಚಿನಲ್ಲಿ ಮಂಡಿಯೂರುವವನಂತೆ ಗೇಣುದ್ದ ಬಾಗಿತು. ಕೋಲ್ಬಿ ಕೆನ್ನೆ ಎತ್ತಲಿಲ್ಲ. ಆರು ತಿಂಗಳಲ್ಲಿ ಮೊದಲ ಬಾರಿಗೆ ಅವನ ಎದೆ ಹಗುರಾಗಿತ್ತು.

"ಏನಾಯ್ತು? ಕಾಗದದಲ್ಲಿ ಏನೂ ಇಲ್ವಲ್ಲ!" ಆರ್ವಿಡರ ಕಣ್ಣು ಇನ್ನೂ ದುರ್ಬೀನಿನಲ್ಲೇ ಇತ್ತು.

ವೆರ್ನಾ ಕೋಲ್ಬಿಯನ್ನು ನೋಡಿದಳು. ನೋಡಿ, ಕೋವಿಯ ಖಾಲಿ ತೋಟೆಗೂಡಿನ ಮೇಲೆ ಅಂಗೈ ಮುಚ್ಚಿದಳು. "ತೋಟೆ ಠುಸ್ ಆಯ್ತು. ಹಳೇ ಪೆಟ್ಟಿಗೇದು."

ಆಮೇಲೆ ಬಗ್ಗಿ, ಅವನಿಗಷ್ಟೇ ಕೇಳುವಂತೆ, "ನಮ್ಮ ಯಜಮಾನರಿಗೂ ಹೀಗೇ ಇತ್ತಪ್ಪ. ಹನ್ನೊಂದು ವರ್ಷ. ಒಬ್ರಿಗೂ ಗೊತ್ತಾಗ್ಲಿಲ್ಲ. ನಳಿಗೆ ದಪ್ಪ ಹಾಕ್ತೀನಿ, ಹಿಂದೆ ರಬ್ಬರು. ಒದೆಯೋದೇ ಇಲ್ಲ."

"ಅವರಿಗೆ ಹೇಳ್ಬಿಡಿ ವೆರ್ನಮ್ಮ."

"ಛೇ! ನಾನ್ಯಾಕೆ ಹೇಳ್ಲಿ? ನನ್ನ ಮೇಲೆ ನಂಬಿಕೆ ಇಡು." ಅವನ ಬೆನ್ನು ತಟ್ಟಿದಳು.

ಕೋಲ್ಬಿ ಎದ್ದು ನಿಂತ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗಿಟ್ಟ.

"ಮಾವ. ನನಗೆ ಈ ಕೋವಿ ಬೇಡ. ನಾನಿನ್ನು ಗುಂಡು ಹೊಡೆಯೋನಲ್ಲ. ನನ್ನ ಕೈಲಾಗಲ್ಲ."

ಆರ್ವಿಡ್ ದುರ್ಬೀನು ಬಿಟ್ಟು ತಿರುಗಿದರು. ಕಣ್ಣು ಮುಚ್ಚಿ, ಒಂದು ಬೆರಳೆತ್ತಿದರು. "ಇರು, ಇರು, ಹೇಳ್ಬೇಡ. ಯಾರ ದನಿ ಇದು..."

"ಮಾವ..."

"ಹಲ್ಲಿನ ಡಾಕ್ಟ್ರು! ಅಲ್ವಾ? ಆ ಎಲ್ಕ್ ಸತ್ತ ಮೇಲೆ ಹಿಂಗೇ ಮೂಗಲ್ಲಿ ಅತ್ಕೊಂಡು ಹೇಳಿದ್ದ."

"ಅಲ್ಲ ಮಾವ. ಇದು ನಾನೇ."

"ನೋಡು, ಅದನ್ನೂ ಅವನ ಥರಾನೇ ಅಂದ!" ಆರ್ವಿಡ್ ತೊಡೆ ಬಡಿದು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಕಣ್ಣಲ್ಲಿ ನೀರಾಯಿತು. ಅದನ್ನು ಒರೆಸಿಕೊಳ್ಳುತ್ತ ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಕೈ ಭಾರವಾಗಿತ್ತು, ತೆಗೆಯಲೂ ಇಲ್ಲ. "ಮಾರ್ನಿ ಮುಂದೆ ಮಾತ್ರ ಈ ಮಿಮಿಕ್ರಿ ಬೇಡ ಕಣೋ. ಅವಳು ನಿಜ ಅನ್ಕೊಂಡಾಳು."

ವೆರ್ನಾ ಕೋವಿಗೆಂದು ಅಕ್ರೋಟು ಮರದ ಎರಡು ಹಲಗೆ ತಂದು ಗೋಡೆಗೊರಗಿಸಿದಳು.

"ಇದು ಮಾತ್ರ ನಿನ್ನಿಷ್ಟ," ಎಂದರು ಆರ್ವಿಡ್ ಉದಾರವಾಗಿ. "ನಾನು ಬಾಯಿ ಹಾಕಲ್ಲ."

ಕೋಲ್ಬಿ ಹತ್ತಿರವಿದ್ದುದನ್ನು ತೋರಿಸಿದ.

"ಒಳ್ಳೇ ಕಣ್ಣು," ಎಂದಳು ವೆರ್ನಾ. ಸೀಮೆಸುಣ್ಣದಲ್ಲಿ ಆಕಾರ ಬರೆದು, ಹದಿಮೂರೂ ಮುಕ್ಕಾಲಿಗೆ ಗೆರೆ ಎಳೆದಳು.

"ಈಗ್ಲೇ ಕೊಯ್ದುಬಿಡು, ಕಣ್ಣಾರೆ ನೋಡ್ಕೊಂಡು ಹೋಗ್ತೀವಿ," ಎಂದರು ಆರ್ವಿಡ್.

ಒಳಗೆ ಗರಗಸ ಕಿರುಚತೊಡಗಿತು. ಅದು ನಿಲ್ಲುವವರೆಗೂ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಮರದ ಪುಡಿಯ ವಾಸನೆ ಹಿತ್ತಿಲವರೆಗೆ ಬಂತು. ಕೋಲ್ಬಿ ಅಂಗೈಯಿಂದ ಕೆನ್ನೆ ಉಜ್ಜಿಕೊಂಡ. ಅಲ್ಲಿ ಅಂಟಿದ್ದ ಕಪ್ಪು ಗದ್ದದವರೆಗೆ ಹರಡಿತು.

ಪುಡಿ ಕೊಡವಿಕೊಂಡು ವೆರ್ನಾ ಹೊರಬಂದೊಡನೆ ಆರ್ವಿಡ್ ಅಳಿಯನನ್ನು ಮುಂದೆ ತಳ್ಳಿದರು. "ಎಲ್ಲಿ, ವೆರ್ನಾಗೊಂದ್ಸಲ ಎಲ್ಕ್ ಕೂಗಿ ತೋರ್ಸು. ಇವನ ನಿಜವಾದ ದನಿ ಅದು ಕಣಮ್ಮ."

ಏಪ್ರಿಲ್ಲಿನಲ್ಲಿ ಯಾವ ಗಂಡೂ ಉತ್ತರ ಕೊಡುವುದಿಲ್ಲ. ಕೊಂಬು ಉದುರಿಸಿಕೊಂಡು ಎಲ್ಲೋ ಸುಮ್ಮನೆ ಮೇಯುತ್ತಿರುತ್ತವೆ. ಕೋಲ್ಬಿ ಬಾಯಿಯ ಸುತ್ತ ಅಂಗೈ ಹಿಡಿದು ಕೂಗಿದ. ತೆಳ್ಳಗೆ ಎದ್ದು, ಏರಿ, ಒಡೆದ ಕೂಗು ಎದುರಿನ ಗುಡ್ಡ ಮುಟ್ಟಿ ಅಷ್ಟೇ ತೆಳ್ಳಗೆ ವಾಪಸು ಬಂತು. ಆರ್ವಿಡ್ ಚಪ್ಪಾಳೆ ತಟ್ಟಿದ ಮೇಲೂ ಅವನು ನಿಲ್ಲಿಸಲಿಲ್ಲ.

ಬೇಲಿಯಾಚೆ ನೆರೆಯವನ ಕರಿ ಹಸುಗಳು ಒಟ್ಟಿಗೆ ತಲೆ ಎತ್ತಿದವು. ಒಂದು ಕೆನ್ನೆ ಕಪ್ಪಾದ ಮನುಷ್ಯನನ್ನು ಗಳಿಗೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. ಒಂದು ಕರು ಮಾತ್ರ ಕಿವಿ ಮುಂದೆ ಮಾಡಿ, ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ, ದನಿ ಬಂದ ಕಡೆಗೆ ನಡೆದು ಬರತೊಡಗಿತು.