ಲೆನರ್ಡ್ ಗುರ್ಸ್ಕಿ ಬರೆದ ಎರರ್

ಭಾನುವಾರ ಮಧ್ಯಾಹ್ನ ಚರ್ಚಿನ ಪ್ಯಾರಿಷ್ ಹಾಲಿಗೆ ಹೊರಟಾಗ ಲೆನರ್ಡ್ ಗುರ್ಸ್ಕಿಯ ಕೋಟಿನ ಒಳಜೇಬಿನಲ್ಲಿ ಮೂವತ್ತೊಂದು ವರ್ಷದ ಹಿಂದಿನ ಒಂದು ಸ್ಕೋರ್ ಹಾಳೆ ಇತ್ತು. ಎಂಬತ್ತು ದಾಟಿದ ಮುದುಕ. ಈ ಜುಲೈ ಸೆಕೆಯಲ್ಲಿ ಕೋಟು ಯಾಕೆಂದು ಎದುರುಮನೆಯವಳು ಕೇಳಿದ್ದಕ್ಕೆ, "ಇವತ್ತು ನಮ್ ಡೆನ್ನಿಸ್‌ಗೆ ಮರ್ಯಾದೆ ಮಾಡೋ ದಿನ ಕಣಮ್ಮ" ಎಂದ. ಅದು ಅರ್ಧ ಸುಳ್ಳು. ಅವನು ಹೊರಟಿದ್ದು ಸತ್ತವನೊಬ್ಬನ ಮರ್ಯಾದೆಯನ್ನು ವಾಪಸು ಕೊಡಲು. ಮಾರ್ಚಿನಲ್ಲಿ ಟೆಡ್ಡಿ ಪ್ರೂಸ್‌ನನ್ನು ಮಣ್ಣು ಮಾಡಿ ಬಂದ ದಿನ, ಟೆಡ್ಡಿಯ ಅಕ್ಕ ಬರ್ನೀಸ್‌ಳ ಮುಂದೆ ಕೂತು ಅವನು ನಿಜ ಹೇಳಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ.

"ನಂಗ್ಯಾಕೆ ಹೇಳ್ತೀರ ಮಿಸ್ಟರ್ ಗುರ್ಸ್ಕಿ? ನನ್ ತಮ್ಮ ಎಂಥವನು ಅಂತ ನಂಗೊತ್ತು. ಗೊತ್ತಿಲ್ದೆ ಇರೋರಿಗೆ ಹೇಳಿ. ಜುಲೈನಲ್ಲಿ ಎಲ್ರೂ ಪ್ಯಾರಿಷ್ ಹಾಲಲ್ಲಿ ಸೇರ್ತಾರಲ್ಲ, ಅವತ್ತು ಹೇಳಿ."

"ಹೇಳ್ತೀನಿ" ಎಂದು ಮಾತು ಕೊಟ್ಟಿದ್ದ.

ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಸರೋವರದಂಚಿನ ಊರಿಗೆ ಹೆಮ್ಮೆಪಡಲು ಉಳಿದಿದ್ದು ಡೆನ್ನಿಸ್ ಮೇಹ್ಯೂ ಒಬ್ಬನೇ. ಹದಿನೆಂಟು ವರ್ಷ ಊರಿನ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆದವನು. ಇವತ್ತು ಅವನನ್ನು ಆ ಆಟದ ಮಹಾರಥರ ಸಾಲಿಗೆ, ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳುತ್ತಿದ್ದರು. ಆ ಸಮಾರಂಭಕ್ಕೆ ಹೋಗಲಾಗದವರೆಲ್ಲ ಪ್ಯಾರಿಷ್ ಹಾಲಿನ ದೊಡ್ಡ ಟಿವಿಯ ಮುಂದೆ ಜಮಾಯಿಸಿದ್ದರು. ಹೆಂಗಸರು, ಗಂಡಸರು, ತೊಟ್ಟಿಲ ಕೂಸಿನವರೆಗೂ ಎಲ್ಲರ ಬೆನ್ನ ಮೇಲೂ ಅವನ ಮೂವತ್ತನಾಲ್ಕನೆಯ ನಂಬರು. ಅಡುಗೆಮನೆಯ ಕಿಟಕಿಯಿಂದ ಬರ್ನೀಸ್ ಸಾಸೇಜು, ಪಿಯರೋಗಿ ಕಡುಬು ತುಂಬಿದ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ದೂಡುತ್ತಿದ್ದಳು. ಲೆನರ್ಡ್‌ನನ್ನು ಕಂಡು ತಲೆಯಾಡಿಸಿದಳು, ಅಷ್ಟೆ.

ಡೆನ್ನಿಸ್‌ನ ಹೆಸರು ಶಾಶ್ವತವಾದದ್ದು ಒಂದೇ ಆಟದಿಂದ. ಕೊನೆಯ, ಒಂಬತ್ತನೆಯ ಇನ್ನಿಂಗ್ಸ್, ಎದುರಾಳಿಯ ಇಪ್ಪತ್ತಾರು ಮಂದಿ ಬಂದು ಬರಿಗೈಯಲ್ಲಿ ಹಿಂದಿರುಗಿದ್ದರು. ಇನ್ನೊಬ್ಬನನ್ನು ಔಟು ಮಾಡಿದರೆ, ಎದುರಾಳಿಯ ಒಬ್ಬನೂ ಬೇಸ್ ಮುಟ್ಟದ ಪರ್ಫೆಕ್ಟ್ ಗೇಮ್. ಆ ಇಪ್ಪತ್ತೇಳನೆಯವನು ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ಜಾಗದಲ್ಲಿದ್ದ ಟೆಡ್ಡಿಯ ಮುಂದೆ ಕಲ್ಲಿಗೆ ತಾಗಿ ಸಿಡಿದು, ಅವನ ಕತ್ತಿನೆಲುಬಿಗೆ ಬಡಿದು ಎಗರಿತು. ದೇವರೇ ಬಂದು ನಿಂತಿದ್ದರೂ ಹಿಡಿಯಲಾಗದ ಚೆಂಡು. ಹೊಡೆದವನು ಓಡಿ ಬೇಸ್ ಮುಟ್ಟಿಬಿಟ್ಟ.

ಪರ್ಫೆಕ್ಟ್ ಗೇಮಂತೂ ಹೋಯಿತು. ಉಳಿದ ಪ್ರಶ್ನೆ, ಅದು ಹೊಡೆದವನ ಹಿಟ್ಟೋ, ಹಿಡಿಯಬೇಕಾದವನ ಎರರೋ? ಹಿಟ್ ಎಂದರೆ ಡೆನ್ನಿಸ್‌ಗೆ ಏನೂ ದಕ್ಕದು. ಎರರ್ ಎಂದರೆ, ಒಂದೂ ಹಿಟ್ ಕೊಡದ ಆಟ ಎಂಬ ಹೆಸರಾದರೂ ಉಳಿಯುತ್ತದೆ. ತೀರ್ಮಾನಿಸಬೇಕಾದವನು ಮೇಲೆ ಪತ್ರಕರ್ತರ ಕೋಣೆಯಲ್ಲಿ ಕೂತ ಅಧಿಕೃತ ಸ್ಕೋರರ್, ಲೆನರ್ಡ್. ನಲವತ್ತು ಸಾವಿರ ತಲೆಗಳು ಅವನತ್ತ ತಿರುಗಿದ್ದವು. "ಎರರ್, ಶಾರ್ಟ್‌ಸ್ಟಾಪ್" ಎಂದು ಮೈಕಿನಲ್ಲಿ ಹೇಳಿಬಿಟ್ಟ. ಮುಂದಿನವನು ಔಟಾದ. ಜನ ಡೆನ್ನಿಸ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಊರಿನ ಬುದ್ಧಿಗೆ ಏನು ಹೇಳೋಣ! ಕೈತಪ್ಪಿದ ಪರ್ಫೆಕ್ಟ್ ಗೇಮಿಗೆ ಟೆಡ್ಡಿಯೇ ಕಾರಣನೆಂದು ಕಥೆ ಕಟ್ಟಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಿಡಿದದ್ದೆಲ್ಲ ಜಾರುವ "ಬೆಣ್ಣೆ ಕೈ" ಎಂದು ಹೆಸರಿಟ್ಟರು. ಪ್ರತಿ ಆಗಸ್ಟಿನಲ್ಲಿ ಆ ತಾರೀಖಿಗೆ ಅವನ ಮನೆ ಮೆಟ್ಟಿಲ ಮೇಲೆ ಕಾಗದ ಸುತ್ತಿದ ಒಂದು ಬೆಣ್ಣೆಯ ತುಂಡು ಇಟ್ಟು ಹೋಗುವುದು ಊರಿನ ತಮಾಷೆಯಾಯಿತು. ಅದೇ ಬೀದಿಯಲ್ಲಿ ಆಡಿ ಬೆಳೆದ ಹುಡುಗ, ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು?

ಸ್ಕೋರರ್ ತನ್ನ ತೀರ್ಪನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ತಿದ್ದಬಹುದಿತ್ತು. ಮಾರನೆಯ ಬೆಳಿಗ್ಗೆ ಟೆಡ್ಡಿ, ಲೆನರ್ಡ್ ಕೆಲಸ ಮಾಡುತ್ತಿದ್ದ ಪತ್ರಿಕೆಯ ಕಚೇರಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕತ್ತು ನೀಲಿಗಟ್ಟಿತ್ತು.

"ಅದು ಸಿಡೀತು ಮಿಸ್ಟರ್ ಗುರ್ಸ್ಕಿ. ನೀವೂ ನೋಡಿದ್ರಲ್ಲ."

"ನೋಡ್ದೆ ಕಣೋ. ಹೋಗ್ಲಿ ಬಿಡು, ಒಂದು ಎರರ್ ತಾನೆ? ಇನ್ನೂ ಸಾವಿರ ಆಟ ಆಡ್ತೀಯ."

ಟೆಡ್ಡಿ ಆಡಿದ್ದು ಇನ್ನು ಹನ್ನೊಂದು ಆಟ. ಬಳಿ ಬಂದ ಚೆಂಡೆಲ್ಲ ಕೈಜಾರುತ್ತಿತ್ತು, ತಂಡ ಕೈಬಿಟ್ಟಿತು. ಆಮೇಲೆ ಕುಡಿತ. ಈ ಮಾರ್ಚಿನಲ್ಲಿ, ಕರಗಲು ಶುರುವಾದ ಸರೋವರದ ಹಿಮದ ಮೇಲೆ ನಡೆದುಕೊಂಡು ಹೋದವನು ತಿರುಗಿ ಬಂದದ್ದು ಹೆಣವಾಗಿ. ಕಾಲು ಜಾರಿತೆಂದು ಪಾದ್ರಿ ಹೇಳಿದರು. ಲೆನರ್ಡ್ ಮಾತ್ರ ಅದನ್ನು ನಂಬಲಿಲ್ಲ.

ಟಿವಿಯಲ್ಲಿ ಡೆನ್ನಿಸ್ ಮೈಕಿನ ಮುಂದೆ ಬಂದ. ತಾಯಿಯನ್ನು ನೆನೆದ, ಊರನ್ನು ನೆನೆದ. ಹಾಲಿನಲ್ಲಿ ದೊಡ್ಡವರೂ ಕಣ್ಣೊರೆಸಿಕೊಂಡರು. ಕೊನೆಗೆ ನಗುತ್ತಾ, "ಇನ್ನೊಂದು ಮಾತು. ಟೆಡ್ಡಿ ಪ್ರೂಸ್, ಎಲ್ಲಿದ್ದೀಯೋ? ಅವತ್ತು ಆ ಬೆಣ್ಣೆ ಕೈಗೆ ಗ್ಲೌಸ್ ಕೊಟ್ಟೋರ್ಯಾರೋ! ಹೋಗ್ಲಿ, ನಾನು ಕ್ಷಮಿಸಿದ್ದೀನಿ ಕಣೋ" ಎಂದ. ಅವನಿಗೆ ಸಾವಿನ ಸುದ್ದಿ ತಲುಪಿರಲಿಲ್ಲ. ಹಾಲಿನವರಿಗೆ ತಲುಪಿತ್ತು, ಆದರೂ ಬಿದ್ದುಬಿದ್ದು ನಕ್ಕರು.

ಅಭಿಮಾನಿ ಸಂಘದ ಅಧ್ಯಕ್ಷ ರಿಚಿ ಬಾರನ್ ಲೆನರ್ಡ್‌ನ ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದ. "ಅವತ್ತು ಆಟ ಬರೆದ ಕೈ ಇದೇ ಕಣ್ರಪ್ಪೋ! ಹೇಳಿ ತಾತ, ನಾಲ್ಕು ಮಾತು!"

ಲೆನರ್ಡ್ ಹಾಳೆ ಹೊರತೆಗೆದ. ಕಿಟಕಿಯಲ್ಲಿ ಬರ್ನೀಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ನಿಂತಳು.

"ಆ ಚೆಂಡು..." ಎಂದ ಲೆನರ್ಡ್. "ಆ ಚೆಂಡು ಏನಿತ್ತು..."

"ಬೆಣ್ಣೆ ಕೈ!" ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬರು ಸೇರಿಕೊಂಡರು. ಮೇಜು ಬಡಿಯುತ್ತಾ ಇಡೀ ಹಾಲೇ ಹಾಡತೊಡಗಿತು. ರಿಚಿ ಹೆಗಲು ತಬ್ಬಿದ. "ಅವತ್ತು ಹೇಳಿದ್ರಲ್ಲ, ಹಂಗೇ ಹೇಳಿ ತಾತ. ಒಂದ್ಸಲ!"

ಲೆನರ್ಡ್ ಅವರ ಮುಖಗಳನ್ನು ನೋಡಿದ. ಹೆಂಡತಿ ಸತ್ತಾಗ ಊಟ ತಂದಿಟ್ಟವರು, ಚಳಿಗಾಲದಲ್ಲಿ ಮನೆ ಮುಂದಿನ ಹಿಮ ಎತ್ತಿಹಾಕುವವರು. ಇವರು ಮುಖ ತಿರುಗಿಸಿದರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಭಯವಾಯಿತು. ಮೂವತ್ತೊಂದು ವರ್ಷದ ಹಿಂದೆ ಆದಂಥದೇ ಭಯ.

"ಎರರ್" ಎಂದ ಮೈಕಿನಲ್ಲಿ. "ಶಾರ್ಟ್‌ಸ್ಟಾಪ್."

ಸೂರು ಹಾರಿಹೋಗುವಂತೆ ಚಪ್ಪಾಳೆ. ಹಾಳೆಯನ್ನು ರಿಚಿ ಅವನ ಕೈಯಿಂದ ತೆಗೆದುಕೊಂಡ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೇವೆಂದ.

ಲೆನರ್ಡ್ ಬಂದು ಮೇಜಿಗೆ ಕೂತಾಗ ಬರ್ನೀಸ್ ಅಡುಗೆಮನೆಯಿಂದ ಹೊರಬಂದಳು. ಬೆಳಗಿನಿಂದ ಅವಳು ಹೊರಗೆ ಬಂದಿದ್ದು ಅದೇ ಮೊದಲು. "ಊಟ ಮಾಡಿ ಮಿಸ್ಟರ್ ಗುರ್ಸ್ಕಿ" ಎಂದು ತಟ್ಟೆ ಮುಂದಿಟ್ಟು ಹೊರಟುಹೋದಳು. ತಟ್ಟೆಯಲ್ಲಿ ಸಾಸೇಜಿರಲಿಲ್ಲ, ಪಿಯರೋಗಿ ಇರಲಿಲ್ಲ. ಕಾಗದ ಸುತ್ತಿದ ಒಂದು ಬೆಣ್ಣೆಯ ತುಂಡು ಇತ್ತು.

ಎದುರಿಗಿದ್ದ ರಿಚಿ ಅದನ್ನು ನೋಡಿ ತೊಡೆ ತಟ್ಟಿಕೊಂಡ. "ನೋಡ್ರೋ ಇಲ್ಲಿ! ಬರ್ನೀಸೂ ತಮಾಷೆ ಮಾಡ್ತಾಳೆ ಕಣ್ರೋ ಕೊನೆಗೂ!"

ಮೇಜಿನವರೆಲ್ಲ ನಕ್ಕರು. ಲೆನರ್ಡ್ ಕೂಡ ನಕ್ಕ. ನಗದಿದ್ದರೆ ಯಾಕೆಂದು ಕೇಳುತ್ತಿದ್ದರು.