ಕಪ್ಪು ಪರದೆಯ ಮುಂದೆ

ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಶವಪೆಟ್ಟಿಗೆ ಹೊತ್ತ ರಿನ್ಸೆಯ ಭುಜ ಜೋಮು ಹಿಡಿದಿತ್ತು. ಆ ಊರಿನಲ್ಲಿ ಸತ್ತವರನ್ನು ನೆರೆಯವರೇ ಹೊತ್ತು ಚರ್ಚಿನ ಸುತ್ತ ಮೂರು ಬಾರಿ ತರಬೇಕು. ಗಂಟೆ ಬಡಿಯುತ್ತಿರುವಷ್ಟು ಹೊತ್ತೂ ನಿಲ್ಲುವ ಹಾಗಿಲ್ಲ. ಸಮುದ್ರದ ದಂಡೆಯ ಕಡೆಯಿಂದ ಗಾಳಿ ನೇರ ಮುಖಕ್ಕೇ ಹೊಡೆಯುತ್ತಿತ್ತು.

“ನಿಧಾನ ಕಣಯ್ಯ,” ಎಂದು ಮುಂದೆ ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಹಾರ್ಮ್ ಪಿಸುಗುಟ್ಟಿದ. “ಏನ್ ಭಾರ ಇದಾನಪ್ಪ ಇವ್ನು.”

“ಇವನ ಮಾನಿಟರ್ ಹೊತ್ತಿದ್ರೆ ಹೀಗನ್ತಿರ್ಲಿಲ್ಲ ನೀನು,” ಎಂದ ರಿನ್ಸೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಪೆಟ್ಟಿಗೆಯ ಹಿಂದೆಯೇ ಬರುತ್ತಿದ್ದ ಬೌಕೆಗೆ ಅದು ಕೇಳಿಸಿತ್ತು. ಪೆಟ್ಟಿಗೆಯಲ್ಲಿದ್ದ ವೀಬ್ರೆನ್‌ನ ಹೆಂಡತಿ ಅವಳು. ಅವನು ಸತ್ತ ದಿನದಿಂದ ಒಂದು ಹನಿ ಅತ್ತಿರಲಿಲ್ಲ. ಯಾರೋ ಕೆನ್ನೆಗೆ ಬಾರಿಸಿ ಓಡಿಹೋದಂತೆ, ಅವರು ಹೋದ ದಾರಿಯನ್ನೇ ನೋಡುತ್ತಿರುವಂತೆ ಕಣ್ಣು ಬಿಟ್ಟುಕೊಂಡು ನಡೆಯುತ್ತಿದ್ದಳು.

ಮಣ್ಣು ಹಾಕಿದ ಮೇಲೆ ಎಲ್ಲರೂ ಊರ ಸಭಾಂಗಣಕ್ಕೆ ಬಂದರು. ಕಾಫಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೇಕು. ವೀಬ್ರೆನ್ ಬಗ್ಗೆ ಹೇಳಲು ಯಾರ ಬಳಿಯೂ ಹೆಚ್ಚೇನೂ ಇರಲಿಲ್ಲ. ವಾರಪತ್ರಿಕೆಯ ಮುದ್ರಣಾಲಯದಲ್ಲಿ ಜಾಹೀರಾತಿನ ಪುಟ ಜೋಡಿಸುತ್ತಿದ್ದ. ಅದು ಮುಚ್ಚಿದ ಮೇಲೆ ಹಾಲಿನಪುಡಿಯ ಕಾರ್ಖಾನೆಯಲ್ಲಿ ಚೀಲ ತೂಗಿದ. ಮಿಕ್ಕ ಹೊತ್ತು ಹಿತ್ತಲ ಶೆಡ್ಡಿನಲ್ಲಿ ಹಳೆಯ ಕಂಪ್ಯೂಟರ್ ಎದುರು ಕೂತ. ಅಷ್ಟೇ.

ಬೌಕೆ ಗಂಡನ ಹಳೆಯ ಗೆಳೆಯ ರಿನ್ಸೆಯ ತೋಳು ಹಿಡಿದಳು. “ಕಾಫಿ ಆಮೇಲೆ ಕುಡಿ. ನನ್ಜೊತೆ ಮನೆಗೆ ಬಾ.”

“ಅಮ್ಮಾ, ಮತ್ತೆ ಶುರು ಮಾಡ್ಬೇಡ,” ಎಂದಳು ಮಗಳು ಮಾಯ್ಕೆ. ರಿನ್ಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. “ಮಾಮ, ನೀವಾದ್ರೂ ಹೇಳಿ. ಅಪ್ಪ ಕಂಪ್ಯೂಟರ್ ಮುಂದೆ ಕೂತ ತಕ್ಷಣ ಹೋಗಿಬಿಟ್ರು ಅಂತ ಡಾಕ್ಟ್ರೇ ಹೇಳಿದಾರೆ. ಇವ್ಳು ಕೀಬೋರ್ಡ್ ಸದ್ದು ಕೇಳಿಸ್ತು ಅಂತಾಳೆ.”

“ಕೇಳಿಸ್ತು,” ಎಂದಳು ಬೌಕೆ.

“ಮೂವತ್ತು ವರ್ಷದಿಂದ ಕೇಳ್ತಾ ಇದೀಯ. ಈಗ್ಲೂ ಕಿವೀಲಿ ಅದೇ ಸದ್ದಿರುತ್ತೆ.”

“ಹಾಗೇ ಇರ್ಲಿ. ಇವನು ನೋಡಿ ಹೇಳ್ಲಿ. ಆ ಕಂಪ್ಯೂಟರನ್ನ ನಾನಿನ್ನೂ ಆಫ್ ಮಾಡ್ಸಿಲ್ಲ.”

*

ಮುದ್ರಣಾಲಯ ಮುಚ್ಚಿದ ವಾರ ಅಲ್ಲಿಂದ ಆ ಭಾರದ ಮಾನಿಟರನ್ನು ಹೊತ್ತು ತಂದವರು ವೀಬ್ರೆನ್ ಮತ್ತು ರಿನ್ಸೆ. ಪತ್ರಿಕೆಯ ಇಡೀ ಪುಟ ಹಿಡಿಸುವ ಗಾಜು. ಅದರಲ್ಲಿ ಅಕ್ಷರಗಳು ಅಚ್ಚಾದಷ್ಟೇ ಚೂಪು. ಆದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ಲಯ. ಕಂಪ್ಯೂಟರಿನೊಳಗಿನ ವಿಡಿಯೋ ಕಾರ್ಡು ಆ ಲಯದಲ್ಲಿ ಚಿತ್ರ ಕಳಿಸಿದರೆ ಬೆಳಗುತ್ತಿತ್ತು, ಬೇರೆ ಲಯದಲ್ಲಿ ಕಳಿಸಿದರೆ ಕಪ್ಪಗೆ ಕೂತಿರುತ್ತಿತ್ತು. ಕಂಪ್ಯೂಟರ್ ಆನ್ ಆಗಿ ಏಳುವಾಗಿನ ಲಯ ಯಾವಾಗಲೂ ಬೇರೆಯದೇ. ಹಾಗಾಗಿ ಮೊದಲಿಗೆ ಎಲ್ಲವೂ ಕತ್ತಲು. ಬೀಪ್ ಎಂದ ಮೇಲೆ ಕುರುಡನಂತೆ ಒಂದು ಪದ ಟೈಪ್ ಮಾಡಿ, ಎಂಟರ್ ಒತ್ತಬೇಕು. ಆಗ ಕಾರ್ಡು ಲಯ ಬದಲಿಸುತ್ತಿತ್ತು, ಚಿತ್ರ ಬರುತ್ತಿತ್ತು.

“ಪಕ್ಕದಲ್ಲೊಂದು ಚಿಕ್ಕ ಮಾನಿಟರ್ ಇಟ್ಕೊಳ್ಳೋ,” ಎಂದಿದ್ದ ರಿನ್ಸೆ. “ಎಲ್ರೂ ಹಾಗೇ ಮಾಡೋದು. ಏಳೋವಾಗಿನ ಅಕ್ಷರ ಅದ್ರಲ್ಲಿ ಕಾಣುತ್ತೆ.”

“ನಿನ್ನಂಥೋರಿಗೆ ಬೇಕು ಊರುಗೋಲು. ನಂಗೆ ಕಿವಿ ಇದೆ.”

ಏಳುವಾಗಿನ ಲಯದಿಂದ ಆ ಮಾನಿಟರಿಗೆ ಏನೂ ಆಗುತ್ತಿರಲಿಲ್ಲ; ಆದರೆ ಎಂಟರ್ ಒತ್ತಿದ ಮೇಲೆ ಬರುವ ಲಯ ಕೂದಲೆಳೆಯಷ್ಟು ತಪ್ಪಿದರೂ ಒಳಗೊಳಗೇ ಸಣ್ಣಗೆ ಕೀರಲಿಡುತ್ತಿತ್ತು. ಕೂಡಲೇ ಸ್ವಿಚ್ ಆರಿಸದಿದ್ದರೆ ಸುಟ್ಟುಹೋಗುವುದು ಖಂಡಿತ. ಆ ಕೀರಲು ದನಿ ಕೇಳಿಸಬೇಕಾದರೆ ಶೆಡ್ಡಿನಲ್ಲಿ ಉಸಿರೂ ಕೇಳಿಸಬಾರದು. ಅದಕ್ಕೇ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಪರದೆ ಕಪ್ಪಗಿರುವಾಗ ವೀಬ್ರೆನ್‌ನನ್ನು ಯಾರೂ ಮಾತಾಡಿಸಕೂಡದು. ಮಾಯ್ಕೆ ಚಿಕ್ಕವಳಿದ್ದಾಗ ಮಂಡಿ ಒಡೆದುಕೊಂಡು ಬಂದು, ಅಳು ನುಂಗಿಕೊಂಡು, ಬೆಳಕು ಬರುವವರೆಗೆ ಬಾಗಿಲಲ್ಲಿ ಕಾದಿದ್ದಳು. ಅದನ್ನು ಹೇಳಿಕೊಂಡು ಆಮೇಲೆ ಎಲ್ಲರೂ ನಕ್ಕಿದ್ದರು. ಜೋರಾಗಿ ನಕ್ಕವನು ರಿನ್ಸೆಯೇ.

*

ಶೆಡ್ಡಿನ ಬೀಗ ತೆಗೆಯುವ ಮೊದಲೇ ಫ್ಯಾನಿನ ಗುಂಯ್ ಸದ್ದು ಕೇಳಿತು.

“ಅವತ್ತು ಅಡುಗೆಮನೇಲಿದ್ದೆ,” ಎಂದಳು ಬೌಕೆ. “ಬೀಪ್ ಅಂತು. ಕಾಫಿ ಬಗ್ಗಿಸ್ದೆ. ಅಂಗಳ ದಾಟಿ ಈ ಬಾಗಿಲಿಗೆ ಕೈ ಹಾಕ್ದಾಗ ಟಕಟಕ ಅಂತಿತ್ತು. ಒಳಗೆ ಬಂದೆ. ನಿಂತು ಹೋಗಿತ್ತು. ಅವನ ಬೆನ್ನು ಈ ಕಡೆ. ಪರದೆ ಕಪ್ಪಗಿತ್ತು.”

“ಆಮೇಲೆ?”

“ಆಮೇಲೇನು. ಮಾನಿಟರ್ ಸದ್ದು ಕೇಳಿಸ್ಕೋತಾ ಇದಾನೆ ಅಂದ್ಕೊಂಡು ಮಾತಾಡಿಸ್ಲಿಲ್ಲ. ಕಪ್ ಇಟ್ಟು, ಬಾಗ್ಲು ಮೆತ್ತಗೆ ಎಳ್ಕೊಂಡು ಹೋದೆ. ಕಪ್ ತಗೊಂಡು ಹೋಗೋಣ ಅಂತ ಮತ್ತೆ ಬಂದ್ರೆ ಹಾಗೇ ಕೂತಿದ್ದ. ತಣ್ಣಗಾಗಿದ್ದ.”

ರಿನ್ಸೆ ಅವಳ ಕಡೆ ತಿರುಗಿದ. ಇಷ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಕುರ್ಚಿಗೆ ಒರಗಿದ್ದ,” ಎಂದು ಅವಳು ಮುಂದುವರಿಸಿದಳು. “ಕೈ ತೊಡೆ ಮೇಲಿತ್ತು. ಆಂಬ್ಯುಲೆನ್ಸಿನವ್ರು ಕುರ್ಚಿ ಸಮೇತ ಹಿಂದಕ್ಕೆಳ್ದು ಇಳಿಸ್ಕೊಂಡ್ರು. ಇದನ್ನ ಯಾರೂ ಮುಟ್ಟಿಲ್ಲ. ಈಗ ಹೇಳು, ನಾನು ಬಂದಾಗ ಜೀವ ಇತ್ತಾ?”

“ಬೌಕೆ, ಅದನ್ನ ಹೇಗೆ ಹೇಳೋಕಾಗುತ್ತೆ?”

“ಆಗುತ್ತೆ. ನಿಮ್ಮಿಬ್ಬರ ಮಾತು ಕೇಳಿ ಕೇಳಿ ಅಷ್ಟು ನಂಗೂ ಗೊತ್ತು. ಬೀಪ್ ಆದ್ಮೇಲೆ ಅವನು ಏನೂ ಟೈಪ್ ಮಾಡಿಲ್ದಿದ್ರೆ ಎಂಟರ್ ಒತ್ತಿದ್ರೂ ಕತ್ತಲೇ ಇರುತ್ತೆ. ಅಲ್ವಾ?”

“ಹೂಂ.”

“ಹಾಗಾದ್ರೆ ನಾನು ಬರೋದ್ರೊಳಗೆ ಹೋಗಿದ್ದ, ಟಕಟಕ ನನ್ನ ಭ್ರಮೆ ಅಂತಾಯ್ತು. ಪದ ಟೈಪ್ ಮಾಡಿ ಎಂಟರ್ ಒಂದು ಒತ್ತಿಲ್ದಿದ್ರೆ ಬೆಳಕು ಬರುತ್ತೆ. ಆಗ ಟಕಟಕ ನಿಜ, ನಾನು ಬಂದಾಗ ಜೀವ ಇತ್ತು. ಒತ್ತು.”

“ಬೇಡ ಕಣೇ. ಇವತ್ತು ಬೇಡ.”

“ನೀನು ಒತ್ತಲ್ಲ ಅಂದ್ರೆ ನಾನೇ ಒತ್ತೀನಿ.”

ಮಾಯ್ಕೆ ಓಡಿಬಂದು ಬಾಗಿಲಲ್ಲಿ ನಿಂತಳು. ಕೋಟಿನ ಗುಂಡಿ ಹಾಕಿರಲಿಲ್ಲ. “ಒತ್ತಿಬಿಡಿ ಮಾಮ,” ಎಂದಳು. “ಏನೂ ಬರಲ್ಲ. ಬರ್ದೇ ಇದ್ರೆ ಇವ್ಳು ನಿದ್ದೆನಾದ್ರೂ ಮಾಡ್ತಾಳೆ.”

ರಿನ್ಸೆ ಕೂರಲಿಲ್ಲ. ಕುರ್ಚಿಯ ಪಕ್ಕದಲ್ಲಿ ನಿಂತೇ ಬಗ್ಗಿದ. ಕಪ್ಪು ಗಾಜಿನಲ್ಲಿ ಮೂವರ ಮುಖವೂ ಮಸುಕಾಗಿ ಕಂಡಿತು. ಒಂದು ಹೊಸ ಕಾರ್ಡು ಕೂರಿಸಿ, ಉಸಿರು ಬಿಗಿಹಿಡಿದು, ಚಿತ್ರ ಬರಲಿ, ಬರಲಿ ಎಂದು ಅವನೂ ವೀಬ್ರೆನ್‌ನೂ ಇದೇ ಗಾಜಿನ ಮುಂದೆ ಎಷ್ಟು ಸಲ ಕಾದಿರಲಿಲ್ಲ? ಬರದಿರಲಿ ಎಂದು ಬೇಡಿಕೊಂಡದ್ದು ಇದೇ ಮೊದಲು. ಹಿಂದಿನಿಂದ ಯಾರ ಸದ್ದೂ ಇಲ್ಲ. ಪರದೆ ಕಪ್ಪಗಿರುವಾಗ ಈ ಮನೆಯವರಿಗೆ ಮಾತು ಬಾರದು.

ಅವನು ಎಂಟರ್ ಒತ್ತಿದ.

ಏನೂ ಆಗಲಿಲ್ಲ. ಮಾಯ್ಕೆ ಉಸಿರು ಬಿಟ್ಟದ್ದು ಕೇಳಿಸಿತು.

ಆಮೇಲೆ ಮಾನಿಟರಿನ ಒಳಗೆಲ್ಲೋ ಟಕ್ ಎಂದಿತು. ಗಾಜಿನ ನಡುವೆ ಒಂದು ಬಿಳಿ ಗೆರೆ ಮೂಡಿ, ಮೇಲಕ್ಕೂ ಕೆಳಕ್ಕೂ ಹಿಗ್ಗಿ, ನಿಂತಿತು. ಕೀರಲು ಇಲ್ಲ, ನಡುಕ ಇಲ್ಲ. ಇಷ್ಟು ಚೊಕ್ಕವಾಗಿ ಲಯ ಹಿಡಿದದ್ದನ್ನು ರಿನ್ಸೆ ಹಿಂದೆಂದೂ ಕಂಡಿರಲಿಲ್ಲ.

“ಕೆಲವೊಂದ್ಸಲ ತಾನಾಗೇ ಬರುತ್ತೆ,” ಎಂದ. “ಹಳೇ ಸಾಮಾನು.”

“ತಾನಾಗೇ,” ಎಂದಳು ಬೌಕೆ.

ಮಾಯ್ಕೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ತಾಯಿಯ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಳು. ಬೌಕೆಯ ಮುಖದ ಒಂದೊಂದು ಸುಕ್ಕೂ ಆ ಬೆಳಕಿನಲ್ಲಿ ಕೊರೆದಿಟ್ಟಂತೆ ಕಾಣುತ್ತಿತ್ತು. ಅವಳು ರಿನ್ಸೆಯನ್ನಾಗಲಿ ಮಗಳನ್ನಾಗಲಿ ನೋಡುತ್ತಿರಲಿಲ್ಲ. ಬೆಳ್ಳನೆಯ ಪುಟದ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಕಪ್ಪು ಗೆರೆ ಮಿಣುಕುತ್ತ, ಆರುತ್ತ, ಮತ್ತೆ ಮಿಣುಕುತ್ತ, ಮುಂದಿನ ಅಕ್ಷರಕ್ಕೆ ಕಾಯುತ್ತಿತ್ತು.