ಬಸ್ತ್ಯಾಂವನ ಕೊನೆಯ ಮಾತು

ಗುರ್ಕಾರ ಲುವಿಸ್ ಹಗ್ಗ ಹಿಡಿದು ಬಸ್ತ್ಯಾಂವನ ಹೆಣ ಅಳೆದ. ತಲೆಯಿಂದ ಹಿಮ್ಮಡಿಗೆ ಒಮ್ಮೆ, ಭುಜದಿಂದ ಭುಜಕ್ಕೆ ಒಮ್ಮೆ. ಎರಡು ಕಡೆ ಗಂಟು ಹಾಕಿ ಹಗ್ಗವನ್ನು ಹೆಗಲಿಗೆ ಎಸೆದುಕೊಂಡ.

"ಅಳತೆ ಆತು. ಎಲ್ಲಿ ತೋಡೂದು ಅಂತ ಪಾದ್ರಿಗಳು ಹೇಳ್ಬೇಕು."

"ಎಲ್ಲಿ ಅಂದ್ರೆ ಎಂತ? ಇನಾಸನ ಬದಿಗೆ," ಎಂದಳು ಸತ್ತವನ ಹೆಂಡತಿ ಜಾಬೆಲ್. ಒಬ್ಬನೇ ಮಗ ಇನಾಸ ಜ್ವರ ಬಂದು ಹೋಗಿ ಒಂಬತ್ತು ವರ್ಷ. ಅವನ ಪಕ್ಕದ ಜಾಗವನ್ನು ಗಂಡ ಹೆಂಡತಿ ಆಗಲೇ ನೋಡಿಟ್ಟಿದ್ದರು.

ಲುವಿಸ್ ಅಂಗಳದ ಕಡೆ ಮುಖ ತಿರುಗಿಸಿದ. "ಒಂಬತ್ತು ವರ್ಷದ ಚೀಟಿ ಇಲ್ಲ ಅಲ್ಲನಾ ಬಾಯಿ."

ಪ್ರತಿ ವರ್ಷ ಪಾಸ್ಖ, ಅಂದರೆ ಈಸ್ಟರ್ ಹಬ್ಬದೊಳಗೆ ಪ್ರತಿಯೊಬ್ಬರೂ ಜಾಳಿಯ ಕಿಟಕಿಯಾಚೆ ಕೂತ ಪಾದ್ರಿಗೆ ಪಾಪನಿವೇದನೆ ಮಾಡಿ ಒಂದು ಚೀಟಿ ತರಬೇಕು. ಕೇರಿಯ ಹಿರಿಯನಾದ ಗುರ್ಕಾರ ಮನೆಮನೆಗೆ ಹೋಗಿ ಅದನ್ನು ಒಟ್ಟು ಮಾಡಬೇಕು. ಚೀಟಿಯಿಲ್ಲದೆ, ಪಶ್ಚಾತ್ತಾಪವಿಲ್ಲದೆ ಸತ್ತವನಿಗೆ ಮಂತ್ರಿಸಿದ ಮಣ್ಣು ಇಲ್ಲ, ಸ್ಮಶಾನದ ಗೋಡೆಯಾಚೆ ಹೂಳುವುದು. ೧೯೬೧ರಲ್ಲಿ ಆ ಊರಿನ ಕಟ್ಟಳೆ ಹೀಗಿತ್ತು. ಅಂಗಳದ ತುಂಬ ಜನ ನಿಂತಿದ್ದರು. ಶರಾವತಿಯ ನಡುಗಡ್ಡೆಯಾದ ಕುರ್ವೆಯಿಂದ ಇಪ್ಪತ್ತೆರಡು ವರ್ಷ ತಪ್ಪದೆ ಅವರನ್ನು ಭಾನುವಾರದ ಪೂಜೆಗೆ ಇಗರ್ಜಿಗೆ ಮುಟ್ಟಿಸಿದವನು ದೋಣಿಕಾರ ಬಸ್ತ್ಯಾಂವ. ಒಬ್ಬರೂ ಬಾಯಿ ಬಿಡಲಿಲ್ಲ.

*

ಇನಾಸ ಸತ್ತ ಮೇಲೆ ಬಸ್ತ್ಯಾಂವ ಮೂರು ತಿಂಗಳು ದೇವರ ಸಂಗಡ ಮಾತು ಬಿಟ್ಟಿದ್ದ.

ಅದಕ್ಕೆ ಮೊದಲು ದೋಣಿಯಲ್ಲಿ ಅವನ ಬಾಯಿ ನಿಲ್ಲುತ್ತಿರಲಿಲ್ಲ. "ಗಾಳಿ ಸಾಕು ಮಾಡಾ ಮಾರಾಯಾ, ಇವತ್ತು ಸೊಂಟ ನೋವು," ಎನ್ನುತ್ತಿದ್ದ. ಆಕಾಶ ನೋಡುತ್ತಿರಲಿಲ್ಲ, ಎದುರಿನ ಹಲಗೆಯ ಮೇಲೆ ಕೂತವನಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಹೆಂಡ ಕುಡಿದ ದಿನ ಇನ್ನೂ ಸಲಿಗೆ. ಮಗ ಹೋದ ಮೇಲೆ ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಸಂಜೆ ಮನೆಗೆ ಬಂದು ಗಂಜಿ ಕೇಳಿದ. ಅರ್ಧ ಉಂಡು, "ರಾಜಿ ಆತು," ಎಂದ.

"ಯಾರ ಸಂಗಡ?"

"ಅವನ ಸಂಗಡ. ಪಾಪ, ಅವಂದೂ ಒಬ್ಬನೇ ಮಗ ಹೋದದ್ದಲ್ಲನೇ. ನಂಗೆ ಇಷ್ಟು ದಿನ ನೆನಪೇ ಆಗ್ಲಿಲ್ಲ ನೋಡು."

ಆ ರಾತ್ರಿ ಜಾಬೆಲ್ ಮಗ ಹೋದ ಮೇಲೆ ಮೊದಲ ಸಲ ನಿದ್ದೆ ಮಾಡಿದಳು.

ಮರುವರ್ಷ ಲುವಿಸ್ ಚೀಟಿ ಕೇಳಿಕೊಂಡು ಬಂದಾಗ ಬಸ್ತ್ಯಾಂವ ದೋಣಿಯ ನೀರು ತೋಡುತ್ತಿದ್ದ. "ಅವನ ಹತ್ರವೇ ಎಲ್ಲ ಹೇಳಿ ಆತಲ್ಲ ಮಾರಾಯಾ. ಜಾಳಿಯಾಚೆ ಕೂತವ್ರಿಗೆ ಮತ್ತೆಂತ ಹೇಳೂದು?" ಎಂದು ನಕ್ಕ. ಲುವಿಸ್ ಆ ಮಾತನ್ನು ಒಂದಕ್ಷರ ಬಿಡದೆ ಪಾದ್ರಿಗೆ ಮುಟ್ಟಿಸಿದ. ಇಂಥ ಕೆಲಸಕ್ಕೆ ಅವನ ನೆನಪು ಬಹಳ ಚೆನ್ನಾಗಿತ್ತು.

*

ಪಾದ್ರಿ ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಾಗಿರಲಿಲ್ಲ. ಅವರು ಜಾಬೆಲ್‌ಳ ಎದುರು ಮಣೆಯ ಮೇಲೆ ಕೂತು ಮೆಲ್ಲಗೆ ಹೇಳಿದರು:

"ನನಗೂ ಇಷ್ಟವಿಲ್ಲ ಬಾಯಿ. ಕೊನೆಗಳಿಗೆಯಲ್ಲಿ ಒಂದು ಮಾತು, 'ತಪ್ಪಾಯಿತು ದೇವರೇ' ಅಂತ ಒಂದೇ ಒಂದು ಮಾತು ಹೇಳಿದ್ದರೆ ಸಾಕು. ಕೇಳಿದವರು ಯಾರಾದರೂ ಇದ್ದಾರೆಯೇ?"

ಕೇಳಿದವಳು ಒಬ್ಬಳೇ. ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿಯೊಡನೆ ನಿನ್ನೆ ಅವನು ಸಾಯುವ ಹೊತ್ತಿಗೆ ಅವನ ದೋಣಿಯಲ್ಲಿ ಬರುತ್ತಿದ್ದ, ಕ್ರೈಸ್ತಳಲ್ಲದ ಗಂಗೆ. ಜಾಬೆಲ್ ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಗಂಗೆ, ನಿನ್ನ ಕಾಲು ಹಿಡೀತೆ. 'ತಪ್ಪಾತು ದೇವ್ರೇ' ಅಂದ ಅಂತ ಹೇಳು. ಮತ್ತೆಂತ ಕೇಳಿದ್ರೂ ಗೊತ್ತಿಲ್ಲ ಅನ್ನು."

"ಅಷ್ಟೇನಾ ಬಾಯಿ? ಹೇಳ್ತೆ."

ಹೇಳಿದಳು ಕೂಡ. ಪಾದ್ರಿಯ ಮುಖ ಅರಳಿತು. ಗುರ್ಕಾರನ ಮುಖ ಸಪ್ಪಗಾಯಿತು.

"ಪುಸ್ತಕದಲ್ಲಿ ಬರೆಯಬೇಕು," ಎಂದರು ಪಾದ್ರಿ. "ಅವನ ಬಾಯಲ್ಲಿ ಬಂದ ಹಾಗೇ ಹೇಳಮ್ಮ."

ಅವನ ಬಾಯಲ್ಲಿ ಬಂದ ಹಾಗೆ! ಗಂಗೆ ನಿನ್ನೆಯಿಂದ ಆ ಮಾತನ್ನು ಯಾರಿಗಾದರೂ ಹೇಳಬೇಕೆಂದು ಒದ್ದಾಡುತ್ತಿದ್ದಳು. ಅಂಥ ಸಾವನ್ನು ಅವಳು ಕಂಡಿರಲಿಲ್ಲ. ದೇವರ ಮನುಷ್ಯ ತಾನಾಗಿ ಕೇಳುವಾಗ ಮುಚ್ಚಿಡುವುದೇಕೆ? ಕೇಳಿದರೆ ಅವರಿಗೂ ಸಂತೋಷವಾಗುತ್ತದೆ ಎಂದೇ ಅವಳು ತಿಳಿದಳು.

"ನಡುಹೊಳೆಲಿ ಎದೆ ಹಿಡ್ಕಂಡ ಒಡೆಯಾ. ಎದುರಿನ ಹಲಗೆ ಬದಿಗೆ ನೋಡಿ ನಗ್ಯಾಡ್ದ. 'ಬಂದ್ಯಾ? ಇಷ್ಟು ಗಡಿಬಿಡಿ ಎಂತಕ್ಕಾ? ಇವಳನ್ನ ದಡಕ್ಕೆ ಬಿಟ್ಟು ಬತ್ತೆ, ಅಲ್ಲೇ ಕೂತ್ಕ,' ಅಂದ. ನನ್ನ ದಡ ಮುಟ್ಸಿಯೇ ಬಿದ್ದ."

"ದೇವರಿಗೆ ಕೂತ್ಕ ಅಂದನಾ!" ಎಂದ ಲುವಿಸ್.

ಪಾದ್ರಿ ಕೈ ಎತ್ತಿ ಅವನನ್ನು ತಡೆದರು. ಅವರ ದನಿಯಲ್ಲಿ ಇನ್ನೂ ಆಸೆಯಿತ್ತು. "ಆಮೇಲೆ? ಆಮೇಲೆ ಕ್ಷಮೆ ಕೇಳಿದನಲ್ಲವೇ?"

ಜಾಬೆಲ್ ಗಂಗೆಯ ಸೆರಗು ಜಗ್ಗಿದಳು. ಗಂಗೆಗೆ ಗೊತ್ತಾಗಲಿಲ್ಲ.

"ಕ್ಷಮೆ ಎಂತಕ್ಕೆ ಒಡೆಯಾ? ಅವ್ರಿಬ್ರಿಗೂ ಜಗಳ ಎಲ್ಲಿತ್ತು?"

ಪಾದ್ರಿ ಪುಸ್ತಕ ಮುಚ್ಚಿದರು. ಜಾಬೆಲ್‌ಳ ಕಡೆ ನೋಡದೆ ಎದ್ದು ಹೋದರು. ಲುವಿಸ್ ಹಗ್ಗ ತೆಗೆದುಕೊಂಡು ಗುದ್ದಲಿಯವರನ್ನು ಕರೆದ.

"ನಾ ಎಂತ ತಪ್ಪು ಹೇಳ್ದೆ ಬಾಯಿ?" ಎಂದು ಗಂಗೆ ಕೇಳಿದಳು.

ಜಾಬೆಲ್‌ಗೆ ಅವಳ ಮುಖಕ್ಕೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ.

ಗೋಡೆಯಾಚೆ, ಬಾಡಿದ ಹೂವಿನ ಮಾಲೆಗಳನ್ನು ತಂದು ಎಸೆಯುವ ಕಡೆ ಗುಂಡಿ ತೋಡಿದರು. ಮಂತ್ರವಿಲ್ಲ, ಶಿಲುಬೆಯಿಲ್ಲ. ಕುರ್ವೆಯ ಜನ ಬಂದರು. ಬಾರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಂದು, ಸ್ವಲ್ಪ ದೂರದಲ್ಲೇ ನಿಂತರು. ಪೆಟ್ಟಿಗೆ ಇಳಿಸಿ ಮಣ್ಣು ಎಳೆಯತೊಡಗಿದರು. ಗೋಡೆಯ ಹೊರಗಿನಿಂದ ಇನಾಸನ ಶಿಲುಬೆಯ ತುದಿಯಷ್ಟೇ ಕಾಣುತ್ತಿತ್ತು.

ಗುಂಡಿ ಅರ್ಧ ತುಂಬುವಾಗ ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಬಡಿಯಿತು. ಆ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ಜಪ ಮಾಡಬೇಕು. ಗುದ್ದಲಿಗಳು ನೆಲಕ್ಕೆ ಬಿದ್ದವು. ಲುವಿಸ್ ತಲೆಯ ರುಮಾಲು ತೆಗೆದ. ಎಲ್ಲರೂ ಗುಂಡಿಗೆ ಬೆನ್ನು ಹಾಕಿ ಇಗರ್ಜಿಯ ಕಡೆ ತಿರುಗಿದರು. ಚಿಕ್ಕಂದಿನ ರೂಢಿ, ಜಾಬೆಲ್‌ಳ ಕೈ ತಾನಾಗಿ ಹಣೆಗೆ ಹೋಯಿತು, ಅವಳೂ ತಿರುಗಿ ನಿಂತಳು.

ಆ ಗಂಟೆ ಯಾಕೆಂದು ತಿಳಿಯದ ಗಂಗೆಯೊಬ್ಬಳು ಮೊಣಕಾಲೂರಿ, ಎರಡೂ ಕೈಯಿಂದ ಬಸ್ತ್ಯಾಂವನ ಮೇಲೆ ಮಣ್ಣು ನೂಕುತ್ತಲೇ ಇದ್ದಳು.